ಸಂಘದ ಲೆಕ್ಕ ಕೇಳಿದವನು ‘ಮ್ಯಾನೇಜ್‌ಮೆಂಟ್ ಕಡೆಯವನು’!

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಾರ್ಮಿಕ ಸಂಘದಲ್ಲಿ 640 ಸದಸ್ಯರಿದ್ದೇವೆ. ಪ್ರತಿ ತಿಂಗಳು ಸಂಬಳದಲ್ಲಿ 50 ರೂಪಾಯಿ ವಂತಿಗೆ ಕಡಿತವಾಗುತ್ತದೆ. ಕಳೆದ ವರ್ಷ ವೇತನ ಒಪ್ಪಂದವಾದಾಗ ಅರಿಯರ್ಸ್ ಹಣದಿಂದ ತಲಾ 2,000 ರೂಪಾಯಿ ನಗದು ಕೊಟ್ಟೆವು. ಎರಡು ವರ್ಷಗಳಿಂದ ಮಹಾಸಭೆಯಲ್ಲಿ ಲೆಕ್ಕ ಮಂಡಿಸಿಲ್ಲ. ಕೇಳಿದ್ದಕ್ಕೆ ಕಾರ್ಯದರ್ಶಿಯವರು ಎಲ್ಲರೆದುರು, ‘ನೀನು ಮ್ಯಾನೇಜ್‌ಮೆಂಟ್ ಕಡೆಯವನೇನು?’ ಎಂದರು. ಲೆಕ್ಕ ನೋಡುವ ಹಕ್ಕು ಸಾಮಾನ್ಯ ಸದಸ್ಯನಿಗೆ ಇದೆಯೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇದೆ, ಅದೂ ಸುಮಾರು ನೂರು ವರ್ಷಗಳಿಂದ ಇದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸಂಘದ ಲೆಕ್ಕದ ಪುಸ್ತಕ ಮತ್ತು ಸದಸ್ಯರ ಪಟ್ಟಿಯನ್ನು ಯಾವುದೇ ಸದಸ್ಯ ಪರಿಶೀಲಿಸಬಹುದಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಈ ಹಕ್ಕು ಅದರಲ್ಲಿಯೂ ಉಳಿದಿದೆ. ಯಾವ ದಿನ, ಯಾವ ಹೊತ್ತಿನಲ್ಲಿ ನೋಡಬಹುದು ಎಂಬುದನ್ನು ಮಾತ್ರ ಸಂಘದ ಬೈಲಾ ತೀರ್ಮಾನಿಸುತ್ತದೆ. ಆದ್ದರಿಂದ ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ಬೈಲಾ. ಅದರ ಪ್ರತಿಯೂ ಸಿಗದಿದ್ದರೆ ಸಂಘಗಳ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ.

ಕಾರ್ಯದರ್ಶಿಯವರ ಮಾತಿಗೆ ಬೇಸರ ಪಡಬೇಡಿ. ನಾನು ಕಂಡಂತೆ, ಲೆಕ್ಕ ಕೊಡದ ಸಂಘಗಳಲ್ಲಿ ಹೆಚ್ಚಿನವು ಕಳ್ಳತನ ಮಾಡಿದವಲ್ಲ, ಬರೆಯಲು ಸೋಮಾರಿತನ ಮಾಡಿದವು. ಖಜಾಂಚಿಯೂ ನಿಮ್ಮಂತೆಯೇ ಎಂಟು ಗಂಟೆಯ ಪಾಳಿ ಮುಗಿಸಿ ಬಂದು ರಸೀದಿ ಬರೆಯುವವನು. ವಕೀಲರ ಬಳಿಗೆ ಹೋದ ಆಟೋ, ಗೇಟಿನ ಮುಂದೆ ಧರಣಿ ಕುಳಿತ ದಿನದ ಚಹಾ, ಇವಕ್ಕೆಲ್ಲ ಬಿಲ್ಲು ಎಲ್ಲಿಂದ ತರುವುದು? ಆದರೆ ಬರೆಯದ ಲೆಕ್ಕದ ಮರೆಯಲ್ಲಿಯೇ ನಿಜವಾದ ಕಳ್ಳನೂ ಕೂರುತ್ತಾನೆ. ಯಾರು ಯಾರೆಂದು ತಿಳಿಯಬೇಕಾದರೆ ಪುಸ್ತಕ ತೆರೆಯಲೇಬೇಕು.

ಪುಸ್ತಕ ಕೇಳುವ ಮೊದಲು ಒಂದು ಹಾಳೆಯ ಮೇಲೆ ಕೂಡಿ ನೋಡಿ. 640 ಜನ, ತಿಂಗಳಿಗೆ 50ರಂತೆ ವರ್ಷಕ್ಕೆ 3,84,000 ರೂಪಾಯಿ, ಎರಡು ವರ್ಷಕ್ಕೆ 7,68,000. ಒಪ್ಪಂದದ ವಂತಿಗೆ 12,80,000. ಒಟ್ಟು 20,48,000. ಇದರಲ್ಲಿ ತಿಂಗಳ ವಂತಿಗೆಯನ್ನು ಮುಚ್ಚಿಡುವುದು ಕಷ್ಟ. ಅದು ಕಂಪನಿಯ ಸಂಬಳ ಪಟ್ಟಿಯಲ್ಲಿ ದಾಖಲಾಗಿ ಸಂಘದ ಬ್ಯಾಂಕ್ ಖಾತೆಗೆ ಹೋಗುವ ಹಣ, ಎರಡು ಕಡೆ ಗುರುತು ಉಳಿದಿರುತ್ತದೆ. ತೊಡಕಿರುವುದು ನಗದಾಗಿ ಕೊಟ್ಟ ಎರಡು ಸಾವಿರದಲ್ಲಿ. ನಿಮಗೆ ರಸೀದಿ ಕೊಟ್ಟಿದ್ದರೆ ಅದರ ಕ್ರಮಸಂಖ್ಯೆ ನೋಡಿಕೊಳ್ಳಿ, ಇನ್ನೂ ನಾಲ್ಕೈದು ಸ್ನೇಹಿತರ ರಸೀದಿಗಳನ್ನೂ ನೋಡಿ. ರಸೀದಿಯನ್ನೇ ಕೊಟ್ಟಿಲ್ಲವಾದರೆ ನಿಮ್ಮ ಮೊದಲ ಪ್ರಶ್ನೆ ಅದೇ.

ಈಗ ಪತ್ರ. ಒಬ್ಬರೇ ಬರೆಯಬೇಡಿ, ಹತ್ತು ಹದಿನೈದು ಸದಸ್ಯರ ಸಹಿ ಇರಲಿ. ‘ಅವ್ಯವಹಾರ’ ಎಂಬ ಪದ ಪತ್ರದಲ್ಲಿ ಎಲ್ಲಿಯೂ ಬರಬಾರದು. ಬೈಲಾದ ಇಂಥ ಕಲಮಿನಂತೆ ನಗದು ಪುಸ್ತಕ, ವೋಚರ್, ಬ್ಯಾಂಕ್ ಪಾಸ್‌ಬುಕ್ ನೋಡಲು ದಿನ ಗೊತ್ತುಮಾಡಿ ಎಂದು ಕೇಳಿ, ಸ್ವೀಕೃತಿ ಸಹಿ ಪಡೆಯಿರಿ. ಪತ್ರದ ಪ್ರತಿಯನ್ನು ಯಾವ ಕಾರಣಕ್ಕೂ ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಕೊಡಬೇಡಿ. ಕೊಟ್ಟರೆ ಕಾರ್ಯದರ್ಶಿಯವರ ಆರೋಪವನ್ನು ನೀವೇ ನಿಜ ಮಾಡಿದಂತಾಗುತ್ತದೆ.

ಉತ್ತರ ಬಾರದಿದ್ದರೆ ಇನ್ನೊಂದು ದಾರಿಯಿದೆ. ನೋಂದಾಯಿತ ಸಂಘ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಆದಾಯ, ಖರ್ಚು, ಆಸ್ತಿ, ಸಾಲಗಳ ಆಡಿಟ್ ಆದ ವಿವರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಲೇಬೇಕು. ಸಂಘವು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿಯಾರು; ಆದರೆ ರಿಜಿಸ್ಟ್ರಾರ್ ಕಚೇರಿ ಬರುತ್ತದೆ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಒಳಗಿನ ಅರ್ಜಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ವಿವರ ಸಲ್ಲಿಸಿಯೇ ಇಲ್ಲ ಎಂಬ ಉತ್ತರ ಬಂದರೆ ಅದೂ ದಾಖಲೆಯೇ. ಹಳೆಯ ಕಾಯ್ದೆಯಲ್ಲಿ ಈ ತಪ್ಪಿಗೆ ದಂಡ ಐದು ರೂಪಾಯಿ, ವಾರ ವಾರ ಬೆಳೆದರೂ ಐವತ್ತು ದಾಟುತ್ತಿರಲಿಲ್ಲ! ಒಂದು ಮಸಾಲೆ ದೋಸೆಗೂ ಸಾಲದ ದಂಡಕ್ಕೆ ಯಾರು ಹೆದರುತ್ತಾರೆ? ಹೊಸ ಸಂಹಿತೆ ಅದನ್ನು ಸಾವಿರಗಳಿಗೆ ಏರಿಸಿದೆ.

ರಿಜಿಸ್ಟ್ರಾರರಿಗೆ ದೂರು ಕೊಡುವಾಗ ಒಂದು ಎಚ್ಚರಿಕೆ. ‘ನೋಂದಣಿ ರದ್ದು ಮಾಡಿ’ ಎಂದು ಸಿಟ್ಟಿನಲ್ಲಿ ಬರೆಯಬೇಡಿ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತೆ. ನೋಂದಣಿ ಹೋದರೆ ಮುಂದಿನ ವೇತನ ಒಪ್ಪಂದಕ್ಕೆ ಮೇಜಿನ ಈ ಬದಿಯಲ್ಲಿ ಕೂರಲು ಯಾರೂ ಇರುವುದಿಲ್ಲ. ಲೆಕ್ಕದ ಪುಸ್ತಕ ತರಿಸಿ ಪರಿಶೀಲಿಸಿ ಎಂದಷ್ಟೇ ಕೇಳಿ. ಪೊಲೀಸ್ ಠಾಣೆ ಕೊನೆಯ ಮೆಟ್ಟಿಲು. ನಂಬಿಕೆ ದ್ರೋಹದ ಪ್ರಕರಣಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಇದೆ, ಆದರೆ ಕಾಗದದ ಮೇಲೆ ವ್ಯತ್ಯಾಸ ಸಿಗದೆ ಅಲ್ಲಿಗೆ ಹೋದರೆ ಮಾತಿಗೆ ಮಾತು ಅಷ್ಟೇ.

ಪುಸ್ತಕ ಸಿಕ್ಕ ದಿನ ಏನು ನೋಡಬೇಕು? ಆಯುಧಪೂಜೆಯ ಹಣ್ಣು ಹೂವಿಗೆ ಕೊಟ್ಟ ಹಣ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಸದಸ್ಯರ ಸಾಮಾಜಿಕ, ಧಾರ್ಮಿಕ ಅನುಕೂಲದ ಖರ್ಚಿಗೆ 1926ರ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಪದಾಧಿಕಾರಿಗಳಿಗೆ ಕೊಟ್ಟ ‘ಕೈಗಡ’ ಎಂಬ ಸಾಲು ಕಂಡರೆ ಅಲ್ಲಿ ನಿಲ್ಲಿ. ಐದು ಸಾವಿರ ಮೀರಿದ ಪಾವತಿಯ ರಸೀದಿಗೆ ರೆವಿನ್ಯೂ ಸ್ಟಾಂಪ್ ಇದೆಯೇ, ಬೇರೆ ಬೇರೆ ತಿಂಗಳ ವೋಚರ್‌ಗಳೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ದಿನ ಬರೆದಂತಿವೆಯೇ ನೋಡಿ. ಕೊನೆಗೆ, ವರ್ಷಾಂತ್ಯದ ಪುಟದ ತಳದಲ್ಲಿ ‘ಕೈಯಲ್ಲಿರುವ ನಗದು’ ಎಂಬ ಸಾಲು ಇರುತ್ತದೆ. ಅಲ್ಲಿ ಐದಾರು ಸಾವಿರ ಇದ್ದರೆ ಸಹಜ. ಲಕ್ಷಗಳಿದ್ದರೆ, ಆ ಹಣವನ್ನು ಈಗಲೇ ಮೇಜಿನ ಮೇಲೆ ಇಟ್ಟು ಎಣಿಸೋಣ ಎಂದು ಕೇಳಿ.