ಸಮ್ಮೇಳನದಲ್ಲಿ ಕಿರುಕುಳ ಆದರೆ ದೂರು ನಡೆಯುತ್ತಾ?

ತುಮಕೂರಿನ ವಿಜ್ಞಾನ ಸಮ್ಮೇಳನಕ್ಕೆ ಪೋಸ್ಟರ್ ತಗೊಂಡು ಹೋಗ್ತಿದ್ದೀನಿ, ಅಲ್ಲಿ ಬೇರೆ ಊರಿನ ಪ್ರೊಫೆಸರ್ ಲೈಂಗಿಕ ಕಿರುಕುಳ ಕೊಟ್ಟರೆ ಅದು ನಮ್ಮ ಕಾಲೇಜೇ ಅಲ್ವಲ್ಲ, ಏನ್ಮಾಡೋದು ಅಂತ ಕೇಳಿದ್ದೀರಿ.

ದೂರು ಕೊಡಬಹುದು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋಕೆ ಇರೋ 2013ರ ಕಾಯ್ದೆಯಲ್ಲಿ ಕೆಲಸದ ಸ್ಥಳ ಅಂದರೆ ನಿಮ್ಮ ಲ್ಯಾಬ್ ಮಾತ್ರ ಅಲ್ಲ, ಕೆಲಸದ ಮೇಲೆ ಹೋದ ಜಾಗ, ಸಂಸ್ಥೆ ಕಳಿಸಿದ ಬಸ್ಸು ಎಲ್ಲಾ ಸೇರುತ್ತೆ. ವಿದ್ಯಾರ್ಥಿಗಳಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಗಳೂ ಇವೆ. ನಿಮ್ಮ ಕಾಲೇಜಿನ ಆಂತರಿಕ ಸಮಿತಿಗೆ (ಇಂಥ ದೂರು ವಿಚಾರಿಸೋಕೇ ಇರೋದು) 3 ತಿಂಗಳೊಳಗೆ ಬರೆದು ಕೊಡಿ, ಒಂದು ಪ್ರತಿ ಸಮ್ಮೇಳನ ನಡೆಸಿದವರಿಗೂ ಹೋಗಲಿ. ಮೆಸೇಜ್ ಅಳಿಸಬೇಡಿ, ದಿನ, ಹೊತ್ತು, ಹತ್ತಿರ ಯಾರಿದ್ದರು ಅಂತ ಅವತ್ತೇ ಬರೆದಿಡಿ.

ಆದರೆ ಜಾಸ್ತಿ ಜನ ಸುಮ್ನಾಗಿಬಿಡ್ತಾರೆ, ಯಾಕಂದ್ರೆ ಆ ದೊಡ್ಡ ಮನುಷ್ಯನೇ ನಾಳೆ ನಿಮ್ಮ ಪಿಎಚ್‌ಡಿ ಪ್ರಬಂಧಕ್ಕೆ ಪರೀಕ್ಷಕನಾಗಿ ಬರಬಹುದು, ಜೊತೆಗೆ ಎರಡು ದಿನ ಕಳೆದರೆ ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟಿರುತ್ತಾರೆ, ಆಮೇಲೆ ಸಾಕ್ಷಿ ಹುಡುಕೋದು ಕಷ್ಟ. ಅದಕ್ಕೇ ತಯಾರಿ ಮೊದಲೇ ಆಗಬೇಕು. ನಾವು ಇಲ್ಲಿ ಒಂದು ಸಣ್ಣ ಸಮ್ಮೇಳನ ನಡೆಸಿದಾಗ ಕೊರಳಿಗೆ ಹಾಕೋ ಐಡಿ ಕಾರ್ಡಿನ ಹಿಂದೆ ಇಬ್ಬರು ಮೇಡಂಗಳ ಫೋನ್ ನಂಬರ್ ಅಚ್ಚು ಹಾಕಿಸಿದ್ದೆವು. ಗೋಡೆಗೆ ಒತ್ತಿಕೊಂಡಿದ್ದ ಪೋಸ್ಟರ್ ಬೋರ್ಡುಗಳನ್ನೂ ನಡುಹಾಲಿಗೆ ಎಳೆಸಿದೆವು, ಮೂಲೆಯಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಳ್ಳಬಾರದು ಅಂತ. (ಟೀ ಕೊಡೋನು ಮಾತ್ರ ದಾರಿ ಇಲ್ಲ ಅಂತ ಗೊಣಗಿದ.)

ನಿಮ್ಮ ಸಮ್ಮೇಳನದವರಿಗೆ ಈಗಲೇ ಫೋನ್ ಮಾಡಿ, ಇಂಥದ್ದಕ್ಕೆ ಯಾರನ್ನು ಕೇಳಬೇಕು ಅಂತ ವಿಚಾರಿಸಿ.