ಕರ್ನಾಟಕದ ಲೈಸೆನ್ಸ್ ಇಟ್ಟುಕೊಂಡು ಜರ್ಮನಿಯಲ್ಲಿ ಬೈಕ್ ರಿಜಿಸ್ಟರ್, ಇನ್ಶೂರೆನ್ಸ್ ಮಾಡಿಸೋದು ಹೇಗೆ? ಯಾವ ಕಂಪನಿ ಅಗ್ಗ?

ಬೀದರ್‌ನಿಂದ ಕೆಲಸಕ್ಕೆ ಹೊರಟಿದ್ದೀರಿ, ಕೆಎ-38 ಲೈಸೆನ್ಸ್ ಕೈಯಲ್ಲಿದೆ, ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಒಂದು ವರ್ಷ ನಡೆಯುತ್ತದೆ ಅಂತ ಬರೆದಿದ್ದೀರಿ, ಹೋದ ಕೂಡಲೇ ಬೈಕ್ ಕೊಳ್ಳಬೇಕು ಅಂತಿದ್ದೀರಿ. ನಾನು ಕಲಬುರಗಿಯವನು. ಸ್ಟುಟ್‌ಗಾರ್ಟ್‌ಗೆ ಹೋಗುವ ಮುಂಚೆ ನಾನೂ ಇದನ್ನೇ ಹುಡುಕಿದ್ದೆ, ಇದೇ ಕ್ರಮದಲ್ಲಿ. ಮೊದಲು ಬೈಕ್, ಆಮೇಲೆ ರಿಜಿಸ್ಟ್ರೇಶನ್, ಆಮೇಲೆ ಇನ್ಶೂರೆನ್ಸ್. ಲೈಸೆನ್ಸ್ ಬಗ್ಗೆ ತಲೆ ಕೆಡಿಸಿಕೊಂಡಿರಲೇ ಇಲ್ಲ, ಅದು ಜೇಬಿನಲ್ಲೇ ಇತ್ತಲ್ಲ.

ನೋಡ್ರಿ, ನೀವು ಕೇಳಿದ ಎರಡು ಕೆಲಸ ಅಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಅದೇ ನನ್ನನ್ನು ಕೆಡಿಸಿದ್ದು.

ನಾನು ಹೋದದ್ದು ಅಕ್ಟೋಬರ್ ಕೊನೆಗೆ. ಹೋದ ವಾರವೇ ಊರಿನ ಆಫೀಸಿಗೆ ಹೋಗಿ ಮನೆ ವಿಳಾಸ ನೋಂದಾಯಿಸಿದೆ. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಿಲ್ಲದೆ ಬ್ಯಾಂಕ್ ಖಾತೆಯಿಂದ ಹಿಡಿದು ಯಾವುದೂ ಮುಂದೆ ಹೋಗುವುದಿಲ್ಲ. ಚಳಿಗಾಲ ಬಂತು, ಬೈಕ್ ನೆನಪೂ ಆಗಲಿಲ್ಲ. ಜನವರಿಯಲ್ಲಿ ತಂಗಿ ಮದುವೆಗೆ ಊರಿಗೆ ಬಂದೆ, ಫೆಬ್ರವರಿಯಲ್ಲಿ ವಾಪಸ್ ಹೋದೆ. ಈ ಮದುವೆ ವಿಷಯ ಸುಮ್ನೆ ಹೇಳುತ್ತಿಲ್ಲ, ಮುಂದೆ ಬರುತ್ತದೆ.

ಮಾರ್ಚ್‌ನಲ್ಲಿ ಬಿಸಿಲು ಕಂಡಿತು, ರಸ್ತೆ ತುಂಬಾ ಬೈಕ್. ನನಗೆ ತಡೆಯಲಾಗಲಿಲ್ಲ. ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸಿಕ್ಕಿತು. ಅವ್ವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ "ಅಷ್ಟ್ ದೂರ ಹೋಗಿ ಬುಲೆಟ್ಟೇ ತೊಗೊಂಡೇನೋ, ಇವು ಹುಮನಾಬಾದ್ ರೋಡಿನ್ಯಾಗ ಸಿಗತಿದ್ದಿಲ್ಲೇನು?" ಅಂದಳು. ಅದೂ ಸರಿಯೇ. (ಹಾಗಂತ ಮನೆಯ ಬುಲೆಟ್ ಹಡಗಿಗೆ ಹಾಕಿ ಸಾಗಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಭಾರತದಲ್ಲಿ ಮಾರುವ ಗಾಡಿಗೆ ಯುರೋಪಿನ ಒಪ್ಪಿಗೆ ಪತ್ರ ಇರುವುದಿಲ್ಲ, ಅಲ್ಲಿ ಒಂದೊಂದು ಗಾಡಿಯನ್ನೂ ಬಿಡಿಯಾಗಿ ಪರೀಕ್ಷೆ ಮಾಡಿಸಬೇಕು. ಗಾಡಿಯ ಬೆಲೆಗಿಂತ ಆ ಖರ್ಚೇ ಜಾಸ್ತಿ ಆದರೂ ಆಯಿತು.)

ರಿಜಿಸ್ಟ್ರೇಶನ್ ಹೇಗಾಯಿತು ಅಂದರೆ, ಮಾರಿದವನು ಎರಡು ಕಾಗದ ಕೊಟ್ಟ. ಒಂದು ಗಾಡಿಯ ಜೊತೆ ಇಟ್ಟುಕೊಳ್ಳುವ ಚಿಕ್ಕದು, ಒಂದು ಮನೆಯಲ್ಲಿ ಜೋಪಾನ ಮಾಡುವ ದೊಡ್ಡದು, ಮಾಲೀಕತ್ವಕ್ಕೆ ಸಂಬಂಧಿಸಿದ್ದು. ದೊಡ್ಡದು ಕೈಗೆ ಬರದೆ ರೊಕ್ಕ ಕೊಡಬೇಡಿ. ಅದರ ಜೊತೆ ಟ್ಯೂಫ್ ತಪಾಸಣೆಯ ವರದಿ, ಗಾಡಿ ಸುಸ್ಥಿತಿಯಲ್ಲಿದೆ ಅನ್ನುವುದಕ್ಕೆ. ಬೈಕಿಗೆ ಎರಡು ವರ್ಷಕ್ಕೊಮ್ಮೆ ಆ ತಪಾಸಣೆ ಆಗಲೇಬೇಕು, ಅವಧಿ ಮುಗಿದಿದ್ದರೆ ಮಾರುವವನೇ ಮಾಡಿಸಿಕೊಡಲಿ. ಇನ್ಶೂರೆನ್ಸ್ ಮೊದಲು, ರಿಜಿಸ್ಟ್ರೇಶನ್ ಆಮೇಲೆ. ಕಂಪನಿ ನಿಮಗೆ ಏಳು ಅಕ್ಷರ-ಅಂಕಿಗಳ ಒಂದು ಕೋಡ್ ಕಳಿಸುತ್ತದೆ, ಇವಿಬಿ ನಂಬರ್ ಅಂತ. ಆನ್‌ಲೈನ್‌ನಲ್ಲಿ ನನಗೆ ಚಹಾ ಆರುವಷ್ಟರಲ್ಲಿ ಬಂತು. ಆ ಕೋಡ್, ಪಾಸ್‌ಪೋರ್ಟ್, ವಿಳಾಸದ ಕಾಗದ, ತೆರಿಗೆ ಕಡಿದುಕೊಳ್ಳಲು ಬ್ಯಾಂಕ್ ಖಾತೆ ನಂಬರ್, ಗಾಡಿಯ ಎರಡು ಕಾಗದ, ಇಷ್ಟು ಹಿಡಿದುಕೊಂಡು ಆಫೀಸಿಗೆ ಹೋದೆ. ಅವರು ಕೊಟ್ಟ ನಂಬರನ್ನು ಎದುರಿನ ಅಂಗಡಿಯಲ್ಲಿ ಪ್ಲೇಟ್ ಮೇಲೆ ಒತ್ತಿಸಿಕೊಂಡು ಬಂದೆ, ಕೌಂಟರ್‌ನಲ್ಲಿದ್ದ ಅಮ್ಮ ಅದರ ಮೇಲೆ ಸರ್ಕಾರಿ ಸ್ಟಿಕ್ಕರ್ ಅಂಟಿಸಿಕೊಟ್ಟರು. ಮುಗಿಯಿತು. ಬೈಕಿಗೆ ಹಿಂದೆ ಮಾತ್ರ ಪ್ಲೇಟ್.

ಇಷ್ಟರಲ್ಲಿ ಯಾರೂ ಲೈಸೆನ್ಸ್ ಕೇಳಲಿಲ್ಲ. ಇನ್ಶೂರೆನ್ಸ್ ಫಾರಂನಲ್ಲಿ ಲೈಸೆನ್ಸ್ ಯಾವ ವರ್ಷದ್ದು ಅಂತ ಇತ್ತು, ಕಲಬುರಗಿ ಆರ್‌ಟಿಒ ಕೊಟ್ಟ ವರ್ಷ ಹಾಕಿದೆ, ಫಾರಂ ಒಪ್ಪಿಕೊಂಡಿತು. ನಾನು ಅಂದುಕೊಂಡೆ, ಸರ್ಕಾರವೇ ನನ್ನ ಹೆಸರಿಗೆ ಗಾಡಿ ಬರೆದುಕೊಟ್ಟಿದೆ, ಕಂಪನಿ ರೊಕ್ಕ ತೊಗೊಂಡಿದೆ, ಇನ್ನೇನು ಬಾಕಿ? ನಮ್ಮಲ್ಲಿ ಡಿಎಲ್ಲೂ ಆರ್‌ಸಿಯೂ ಅದೇ ಆರ್‌ಟಿಒದಲ್ಲಿ ಸಿಗುತ್ತವೆ. ಪೊಲೀಸ್ ನಿಲ್ಲಿಸಿದರೆ "ಪೇಪರ್ ತೋರಿಸ್ರಿ" ಅಂತ ಎಲ್ಲ ಒಟ್ಟಿಗೇ ಕೇಳುತ್ತಾನೆ. ಹಾಗಾಗಿ ಒಂದು ಸರಿ ಇದ್ದರೆ ಎಲ್ಲ ಸರಿ ಅನ್ನುವ ಭಾವನೆ ನಮಗೆ ಬಂದುಬಿಟ್ಟಿದೆ. ಜರ್ಮನಿಯಲ್ಲಿ ಗಾಡಿಯ ಮಾಲೀಕ ಆಗಲು ಲೈಸೆನ್ಸ್ ಬೇಕಾಗಿಯೇ ಇಲ್ಲ. ಗಾಡಿ ಓಡಿಸಲು ಬಾರದ ಅಜ್ಜಿಯ ಹೆಸರಲ್ಲೂ ರಿಜಿಸ್ಟರ್ ಆಗುತ್ತದೆ. ಗಾಡಿಯ ಆಫೀಸು ಬೇರೆ, ಲೈಸೆನ್ಸ್ ಆಫೀಸು ಬೇರೆ, ಅವರು ನಿಮ್ಮ ಪರವಾಗಿ ಮಾತಾಡಿಕೊಳ್ಳುವುದಿಲ್ಲ.

ಜೂನ್‌ನಲ್ಲಿ ಒಂದು ಭಾನುವಾರ ಬ್ಲ್ಯಾಕ್ ಫಾರೆಸ್ಟ್ ಕಡೆ ಹೋದೆ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ಗೆ ಗುಡ್ಡದ ಮೇಲಿನ ಬಿ 500 ರಸ್ತೆ ಇದೆಯಲ್ಲ, ಬೈಕಿನವರಿಗೆಲ್ಲ ಅದೇ ಜಾತ್ರೆ. ಅದಕ್ಕೇ ಪೊಲೀಸರೂ ಅಲ್ಲೇ ನಿಂತಿದ್ದರು. ಗಾಡಿ ಕಾಗದ ನೋಡಿದರು, ಸರಿ ಅಂದರು. ಲೈಸೆನ್ಸ್ ತೊಗೊಂಡರು, ಅದರ ಜರ್ಮನ್ ಅನುವಾದ ನೋಡಿದರು. ಆಮೇಲೆ ಒಬ್ಬ ಕೇಳಿದ, ಜರ್ಮನಿಯಲ್ಲಿ ವಿಳಾಸ ಯಾವಾಗ ನೋಂದಾಯಿಸಿದಿರಿ? ಹೇಳಿದೆ. ಹಾಗಾದರೆ ಈ ಲೈಸೆನ್ಸ್‌ಗೆ ಇಲ್ಲಿ ಬೆಲೆ ಇಲ್ಲ, ಆರು ತಿಂಗಳು ಮುಗಿದಿದೆ ಅಂದ.

ಆರು ತಿಂಗಳ ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಎಣಿಕೆ ತಪ್ಪಿತ್ತು. ತಂಗಿ ಮದುವೆಗೆ ಬಂದು ಫೆಬ್ರವರಿಯಲ್ಲಿ ಮತ್ತೆ ಒಳಗೆ ಹೋಗಿದ್ದೆನಲ್ಲ, ಪಾಸ್‌ಪೋರ್ಟ್‌ನಲ್ಲಿ ಹೊಸ ಸೀಲ್ ಬಿದ್ದಿತ್ತಲ್ಲ, ಅಲ್ಲಿಂದ ಮತ್ತೆ ಆರು ತಿಂಗಳು ಅಂತ ನನ್ನ ಲೆಕ್ಕ. ಆಗಸ್ಟ್‌ವರೆಗೆ ಆರಾಮ ಅಂದುಕೊಂಡಿದ್ದೆ. ಈ ಲೆಕ್ಕ ಎಲ್ಲಿಂದ ಬಂತು ಅಂದರೆ ಯಾದಗಿರಿಯ ನನ್ನ ಗೆಳೆಯನಿಂದ. ಅವನು ಕಂಪನಿ ಕೆಲಸಕ್ಕೆ ಕೆಲವೊಂದು ವಾರ ಬಂದು ಹೋಗುತ್ತಿದ್ದವನು, ಮನೆ ಅಲ್ಲಿರಲಿಲ್ಲ. ಅವನಿಗೆ ಪ್ರತಿ ಸಲವೂ ನಮ್ಮ ಲೈಸೆನ್ಸ್ ನಡೆಯುತ್ತಿತ್ತು, ಯಾಕೆಂದರೆ ಅವನು ಬಂದು ಹೋಗುವವನು. ನಾನು ಅಲ್ಲೇ ವಾಸ ಮಾಡುವವನು. ವಾಸ ಶುರುವಾದ ದಿನದಿಂದ ಆರು ತಿಂಗಳು, ಅಷ್ಟೇ. ನಡುವೆ ನೀವು ಎಷ್ಟು ಸಲ ಊರಿಗೆ ಬಂದರೂ ಆ ಗಡಿಯಾರ ನಿಲ್ಲುವುದಿಲ್ಲ, ಮೊದಲಿನಿಂದ ಶುರುವೂ ಆಗುವುದಿಲ್ಲ. ಬೈಕ್ ಕೊಂಡ ದಿನದಿಂದಲೂ ಅಲ್ಲ, ಇನ್ಶೂರೆನ್ಸ್ ಶುರುವಾದ ದಿನದಿಂದಲೂ ಅಲ್ಲ. ಒಟ್ಟು ಒಂದು ವರ್ಷ ಮೀರಿ ಇರುವುದಿಲ್ಲ ಅಂತ ತೋರಿಸಿದರೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸಿ ಕೊಡುವ ಅವಕಾಶ ಇದೆ. ಕಾಯಂ ಕೆಲಸದ ಕಾಗದ ಇಟ್ಟುಕೊಂಡು ಅದನ್ನು ಯಾವ ಮುಖದಿಂದ ಕೇಳುತ್ತೀರಿ?

ನಿಮ್ಮ ಪ್ರಶ್ನೆಯಲ್ಲಿ "ಐಡಿಪಿ ಒಂದು ವರ್ಷ ನಡೆಯುತ್ತದೆ" ಅಂತ ಬರೆದಿದ್ದೀರಲ್ಲ, ಅದು ಓದಿ ನನಗೆ ಎದೆ ಧಸಕ್ ಅಂತು. ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿದರೆ ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡುತ್ತಾರೆ, ಅದರ ಮೇಲೆ ಒಂದು ವರ್ಷ ಅಂತಲೇ ಇರುತ್ತದೆ. ಆ ಒಂದು ವರ್ಷ ಆ ಪುಸ್ತಕದ ಆಯುಷ್ಯ. ಜರ್ಮನಿಯಲ್ಲಿ ಮನೆ ಮಾಡಿದವನಿಗೆ ಆರು ತಿಂಗಳೇ.

ಮುಂದೆ ಆದದ್ದು ಬೇಗ ಹೇಳುತ್ತೇನೆ. ಅಲ್ಲಿಂದ ಗಾಡಿ ಓಡಿಸಲು ಬಿಡಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ಬಸ್ ಹತ್ತಿದೆ, ಗಾಡಿಯನ್ನು ಆಫೀಸಿನ ಗೆಳೆಯ ಟ್ರೇಲರ್ ತಂದು ಒಯ್ದ. ಇದು ನಮ್ಮ ಚಲನ್ ತರಹ ಅಲ್ಲ. ಅಲ್ಲಿ ಲೈಸೆನ್ಸ್ ಇಲ್ಲದೆ ಓಡಿಸುವುದು ಅಪರಾಧ, ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲು ಇಲ್ಲವೇ ದಂಡ ಅಂತ ಇದೆ. ಕೆಲವು ವಾರ ಆದ ಮೇಲೆ ಹಳದಿ ಲಕೋಟೆಯಲ್ಲಿ ಕೋರ್ಟಿನ ಕಾಗದ ಬಂತು. ದಂಡವನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ, ಒಂದು ದಿನಕ್ಕೆ ನಿಮ್ಮ ಕೈಗೆ ಬರುವ ತಿಂಗಳ ಸಂಬಳದ ಮೂವತ್ತರಲ್ಲಿ ಒಂದು ಭಾಗದಷ್ಟು. 90 ದಿನ ಮೀರಿದರೆ ನಡತೆ ಪ್ರಮಾಣಪತ್ರದಲ್ಲೂ ಬರುತ್ತದೆ. ನನ್ನದು ಅದಕ್ಕಿಂತ ಬಹಳ ಕೆಳಗೇ ಮುಗಿಯಿತು, ಆದರೂ ವಕೀಲರ ಫೀಸು ಸೇರಿ ಗಾಡಿ ಕೊಳ್ಳಲು ಕೊಟ್ಟದ್ದರಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಆ ದಿನ ಯಾರಿಗಾದರೂ ಗುದ್ದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ವಿಚಾರಿಸಿದೆ. ಎದುರಿನವನಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡುತ್ತದೆ, ಅವನು ಬಚಾವ್. ಆಮೇಲೆ ಅದೇ ಕಂಪನಿ ನನ್ನ ಹತ್ತಿರ ಬಂದು 5,000 ಯೂರೋವರೆಗೆ ವಾಪಸ್ ವಸೂಲಿ ಮಾಡಬಹುದು. ಇನ್ನು ನಿಮ್ಮ ಗಾಡಿಯನ್ನು ಲೈಸೆನ್ಸ್ ನಡೆಯದ ಗೆಳೆಯನಿಗೆ ಕೊಟ್ಟರೆ ಮಾಲೀಕರಾದ ನಿಮ್ಮ ಮೇಲೂ ಕೇಸು. ನಮ್ಮ ಕಡೆ "ಒಂದ್ ರೌಂಡ್ ಕೊಡೋ ಅಣ್ಣಾ" ಅಂದರೆ ಚಾವಿ ಎಸೆಯುವ ರೂಢಿ ಇದೆಯಲ್ಲ, ಅದನ್ನು ಬೀದರ್‌ನಲ್ಲೇ ಬಿಟ್ಟು ಹೋಗಿ.

ಅದಕ್ಕೇ ಹೇಳೋದು, ನೀವು ಕೇಳಿದ ಪ್ರಶ್ನೆಯೇ ತಿರುಗಾಮುರುಗಾ ಆಗಿದೆ. ಅಲ್ಲಿಗೆ ಹೋದ ಮೊದಲ ವರ್ಷವೇ ಬೈಕ್ ಕೊಳ್ಳಬೇಡಿ. ವಿಳಾಸ ನೋಂದಾಯಿಸಿದ ತಿಂಗಳೇ ಲೈಸೆನ್ಸ್ ಬದಲಾವಣೆಗೆ ಅರ್ಜಿ ಹಾಕಿ. ಕೆಲವು ದೇಶದವರಿಗೆ ಪರೀಕ್ಷೆ ಇಲ್ಲದೆ ಕಾರ್ಡ್ ಬದಲಿಸಿ ಕೊಡುತ್ತಾರೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಕಟ್ಟಬೇಕು. ನಮ್ಮ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಹೊಸಬರಿಗಿರುವ ಕಡ್ಡಾಯ ಕ್ಲಾಸುಗಳು ನಮಗಿಲ್ಲ, ಅದೊಂದು ದೊಡ್ಡ ಉಳಿತಾಯ. ಕಣ್ಣಿನ ಪರೀಕ್ಷೆ, ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ, ಲೈಸೆನ್ಸ್‌ನ ಅನುವಾದ ಬೇಕು. ನಿಮಗೆ 24 ತುಂಬಿದ್ದರೆ ನೇರವಾಗಿ ಎ ವರ್ಗ, ಅಂದರೆ ಎಷ್ಟು ಶಕ್ತಿಯ ಬೈಕ್ ಆದರೂ ನಡೆಯುತ್ತದೆ, ಇಲ್ಲದಿದ್ದರೆ 35 ಕಿಲೋವ್ಯಾಟ್‌ವರೆಗಿನ ಎ2. ಬುಲೆಟ್‌ಗೆ ಎ2 ಧಾರಾಳ ಸಾಕು. ಮತ್ತೆ, ಅರ್ಜಿ ಹಾಕಿದ ರಸೀದಿ ತೋರಿಸಿ ಗಾಡಿ ಓಡಿಸಬಹುದು ಅಂದುಕೊಳ್ಳಬೇಡಿ.

ಬರೆಯುವ ಪರೀಕ್ಷೆ ಇಂಗ್ಲಿಷ್‌ನಲ್ಲಿ ಸಿಗುತ್ತದೆ, ಕನ್ನಡ, ಹಿಂದಿ ಇಲ್ಲ. 30 ಪ್ರಶ್ನೆ, ತಪ್ಪಿನ ಅಂಕ 10 ಮೀರಬಾರದು. ಓಡಿಸುವ ಪರೀಕ್ಷೆ ಜರ್ಮನ್‌ನಲ್ಲೇ. ನೀವು ಮುಂದೆ ಬೈಕ್‌ನಲ್ಲಿ, ತರಬೇತಿಯವನೂ ಪರೀಕ್ಷಕನೂ ಹಿಂದೆ ಕಾರಿನಲ್ಲಿ, ಎಡಕ್ಕೆ ಬಲಕ್ಕೆ ಅನ್ನುವುದೆಲ್ಲ ಹೆಲ್ಮೆಟ್ ಒಳಗಿನ ರೇಡಿಯೋದಲ್ಲಿ ಕೇಳಿಸುತ್ತದೆ. ಕಾಲೇಜಿನಿಂದ ಬೈಕ್ ಓಡಿಸಿದವನು, ನನಗೇನು ಕಲಿಸುತ್ತಾರೆ ಅಂತ ಹೋಗಿದ್ದೆ. ಕಲಬುರಗಿ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಬೆಳೆದವನಿಗೆ ಮುಂದೆ ನೋಡಿ ಹಾರ್ನ್ ಹೊಡೆಯುವುದು ಬಿಟ್ಟರೆ ಬೇರೆ ಏನೂ ಬಂದಿಲ್ಲ ಅಂತ ಅಲ್ಲಿ ಗೊತ್ತಾಯಿತು. ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಭುಜದ ಮೇಲಿಂದ ತಲೆ ತಿರುಗಿಸಿ ನೋಡಬೇಕು. ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲು ದಾರಿ, ಅವನು ಸೈಕಲ್‌ನಲ್ಲಿದ್ದರೂ. ಇವೆರಡು ರಕ್ತಕ್ಕೆ ಇಳಿಯುವವರೆಗೆ ಪರೀಕ್ಷೆಗೆ ಹೋಗಬೇಡಿ, ಫೀಸು ದಂಡ.

ಪಾಸಾದರೆ ಜರ್ಮನ್ ಕಾರ್ಡ್ ಕೊಟ್ಟು ನಮ್ಮ ಕಾರ್ಡ್ ಇಟ್ಟುಕೊಳ್ಳುತ್ತಾರೆ. ಎರಡೂ ಬದಿಯ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಈಗ ರಜೆಗೆ ಕಲಬುರಗಿಗೆ ಬಂದಿದ್ದೇನೆ, ಈ ಬಿಸಿಲಲ್ಲಿ ಅಣ್ಣನ ಹಿಂದೆ ಕೂತು ಓಡಾಡುತ್ತಿದ್ದೇನೆ.

ಇನ್ನು ಯಾವ ಕಂಪನಿ ಅಗ್ಗ ಅನ್ನೋದು. ಹೆಸರು ಹೇಳುವುದಿಲ್ಲ, ಹೇಳಿದರೂ ಉಪಯೋಗ ಇಲ್ಲ. ನಿಮ್ಮ ವಯಸ್ಸು, ಇರುವ ಊರು, ಗಾಡಿಯ ಶಕ್ತಿ, ಅಪಘಾತ ಇಲ್ಲದೆ ಕಳೆದ ವರ್ಷಗಳು, ಇವುಗಳ ಮೇಲೆ ದರ ನಿಂತಿರುತ್ತದೆ. ಇಲ್ಲಿನ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಸೊನ್ನೆಯಿಂದ ಶುರು. ಹಳೇ ಗಾಡಿಗೆ ಕಡ್ಡಾಯದ ಥರ್ಡ್ ಪಾರ್ಟಿ ಸಾಕು, ಹೊರಗೆ ನಿಲ್ಲಿಸುವವರಾದರೆ ಕಳ್ಳತನಕ್ಕೆ ಅಂತ ಅರ್ಧ ಕವರ್ ಸೇರಿಸಿ. ರೊಕ್ಕ ಉಳಿಯುವುದು ಸೀಸನ್ ಪ್ಲೇಟ್‌ನಲ್ಲಿ. ಮಾರ್ಚ್‌ನಿಂದ ಅಕ್ಟೋಬರ್ ಅಂತ ತಿಂಗಳುಗಳನ್ನು ಪ್ಲೇಟಿನ ಮೇಲೇ ಒತ್ತಿರುತ್ತಾರೆ, ಅಷ್ಟಕ್ಕೇ ಇನ್ಶೂರೆನ್ಸ್, ಅಷ್ಟಕ್ಕೇ ತೆರಿಗೆ. ಆರು ತಿಂಗಳಿಗಿಂತ ಕಡಿಮೆ ಮಾಡಬೇಡಿ, ಮಾಡಿದರೆ ಅಪಘಾತ ಇಲ್ಲದ ವರ್ಷಕ್ಕೆ ಸಿಗುವ ಬೋನಸ್‌ನ ಮೆಟ್ಟಿಲು ಏರುವುದಿಲ್ಲ. ಸೀಸನ್ ಮುಗಿದ ಮೇಲೆ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸುವಂತೆಯೂ ಇಲ್ಲ, ಒಳಗೆ ಜಾಗ ಇದ್ದರೆ ಮಾತ್ರ ಇದು. ತೆರಿಗೆಗೆ ಹೆದರಬೇಡಿ. ವರ್ಷಕ್ಕೆ ಪ್ರತಿ 25 ಸಿಸಿಗೆ 1.84 ಯೂರೋ, ಬುಲೆಟ್ 350ಕ್ಕೆ ವರ್ಷವಿಡೀ ಇಟ್ಟರೂ ಸುಮಾರು 25 ಯೂರೋ.

ಟಿಕೆಟ್ ಮಾಡಿಸುವ ಮುಂಚೆ ಒಂದು ಕೆಲಸ. ನಿಮ್ಮ ಡಿಎಲ್ ತೆಗೆದು ಎಂಸಿಡಬ್ಲ್ಯೂಜಿ (ಗೇರ್ ಇರುವ ಬೈಕ್) ಇದೆಯಾ, ಅಥವಾ ಎಲ್‌ಎಂವಿ (ಕಾರು) ಮಾತ್ರವಾ ನೋಡಿ. ಇಲ್ಲದಿದ್ದರೆ ಈಗಲೇ ಬೀದರ್ ಆರ್‌ಟಿಒಗೆ ಹೋಗಿ ಸೇರಿಸಿಕೊಳ್ಳಿ. ಅಲ್ಲಿ ಮನೆ ಮಾಡಿದ ಮೇಲೆ ರಜೆಗೆ ಬಂದು ಇಲ್ಲಿ ಸೇರಿಸಿಕೊಂಡರೆ ಜರ್ಮನಿ ಅದನ್ನು ಒಪ್ಪುವುದಿಲ್ಲ. ಯಾವ ತಿಂಗಳು ಹೊರಡುತ್ತೀರಿ ಅಂತ ಬರೆಯಿರಿ, ಆರು ತಿಂಗಳು ಎಲ್ಲಿಗೆ ಬರುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.