ಬಚ್ಚಲ ಒಲೆಯ ಪಕ್ಕದ ಬೂಟು

ಪ್ರಶ್ನೆ: ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮೂರು ಸಾವಿರ ರೂಪಾಯಿ ಕೊಟ್ಟು ಕಪ್ಪು ಚರ್ಮದ ಬೂಟು ಕೊಂಡೆ. ದಿನವೂ ಪಾಲಿಶ್ ಹಾಕುತ್ತೇನೆ. ಮಳೆಯಲ್ಲಿ ನೆನೆದರೆ ಅಂದೇ ರಾತ್ರಿ ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸುತ್ತೇನೆ. ಆದರೂ ಆಗಸ್ಟ್ ಹೊತ್ತಿಗೆ ಬೆರಳು ಮಡಿಚುವ ಕಡೆ ಬಿರುಕು, ಒಳಗೆ ಬೂಷ್ಟು. ಅಂಗಡಿಯವರು ಮೋಸ ಮಾಡಿದರೇ?
– ಶಿಕ್ಷಕರೊಬ್ಬರು, ತೀರ್ಥಹಳ್ಳಿ

ಉತ್ತರ: ಶಿವಮೊಗ್ಗದಲ್ಲಿ ಇಪ್ಪತ್ತಾರು ವರ್ಷ ಚಪ್ಪಲಿ ಅಂಗಡಿ ನಡೆಸಿದವನು ನಾನು. ಮಳೆಗಾಲದಲ್ಲಿ ಜಗಳ ಹೊತ್ತು ವಾಪಸ್ ಬರುತ್ತಿದ್ದ ಬೂಟನ್ನು ಮೊದಲು ಮೂಸಿ ನೋಡುತ್ತಿದ್ದೆ. ಹೊಗೆ ವಾಸನೆ ಬಂದರೆ ಮುಂದೆ ಕೇಳುವುದೇನೂ ಉಳಿಯುತ್ತಿರಲಿಲ್ಲ. ಮೇಷ್ಟ್ರೇ, ನಿಮ್ಮ ಬೂಟನ್ನು ಕೊಂದದ್ದು ಒಲೆ.

ಚರ್ಮದ ಎಳೆಗಳ ನಡುವೆ ಜಿಡ್ಡು ಇರುವುದರಿಂದಲೇ ಅದು ಬಾಗುತ್ತದೆ. ಬೆಂಕಿಯ ಕಾವಿಗೆ ಬೇಗ ಒಣಗಿದರೆ ಎಳೆಗಳು ಒಂದಕ್ಕೊಂದು ಅಂಟಿ ಸೆಟೆದುಕೊಳ್ಳುತ್ತವೆ. ಮರುದಿನ ನೀವು ಮೆಟ್ಟಿಲು ಹತ್ತಿದಾಗ ಮಡಿಕೆಯಲ್ಲಿ ಸೀಳುತ್ತವೆ. ಅಟ್ಟೆಯ ಅಂಟೂ ಸಡಿಲವಾಗುತ್ತದೆ. ನೆನೆದ ಬೂಟಿನ ಲೇಸ್ ಪೂರ್ತಿ ಬಿಚ್ಚಿ, ನಾಲಿಗೆ ಹೊರಗೆಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ಫ್ಯಾನಿನ ಕೆಳಗೆ ಮಗ್ಗುಲಾಗಿ ಮಲಗಿಸಿ. ಊಟ ಮುಗಿಸಿ ಬಂದು ಕಾಗದ ಬದಲಿಸಿ. ಮೊದಲಿನದು ಹಿಂಡುವಷ್ಟು ಒದ್ದೆಯಾಗಿರುತ್ತದೆ.

ದಿನವೂ ಪಾಲಿಶ್ ಬೇಡ. ಡಬ್ಬಿಯ ಮೇಣ ಹೊಳಪಿಗಷ್ಟೇ; ಪದರ ಪದರವಾಗಿ ಕೂತರೆ ಅದೇ ಒಡೆಯುತ್ತದೆ. ನಿತ್ಯ ಬ್ರಶ್ ಸಾಕು. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಶೂ ಕ್ರೀಮನ್ನು ಕಡಲೆ ಕಾಳಿನಷ್ಟು ತೆಗೆದುಕೊಂಡು ತಿಕ್ಕಿ.

ಬೂಷ್ಟನ್ನು ಅಂಗಳದಲ್ಲೇ ಒರೆಸಿ, ಕಪಾಟಿನ ಮುಂದೆ ಕೊಡವಬೇಡಿ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒರೆಸಿ, ಗಾಳಿಗಿಡಿ. ಮಳೆ ಇಲ್ಲದ ದಿನವೂ ಪಾದದ ಬೆವರು ಬೂಟಿಗೆ ಇಳಿದಿರುತ್ತದೆ, ಅದು ಆರಲು ಒಂದು ದಿನ ಬೇಕು. ಜುಲೈನಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ, ಬೂಟನ್ನು ಶಾಲೆಯಲ್ಲೇ ಇಡಿ. ಯಾರೂ ನಗುವುದಿಲ್ಲ, ನಿಮ್ಮ ಹೆಡ್‌ಮಾಸ್ಟರೂ ಹಾಗೆಯೇ ಮಾಡುತ್ತಿರಬಹುದು.

ಈಗ ಬಿಟ್ಟಿರುವ ಬಿರುಕು ಕೂಡುವುದಿಲ್ಲ. ಕ್ರೀಮ್ ತಿಕ್ಕಿದರೆ ಇನ್ನಷ್ಟು ಹರಿಯುವುದು ತಡವಾಗುತ್ತದೆ, ಅಷ್ಟೇ.

ಪ್ರಶ್ನೆ: ಮದುವೆಗೆಂದು ಕೊಂಡ ಬೂಟನ್ನು ಆರು ವರ್ಷ ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಟ್ಟಿದ್ದೆ. ಮೊನ್ನೆ ಹಾಕಿಕೊಂಡು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಯಿತು!
– ಓದುಗರು, ಕುಂದಾಪುರ

ಉತ್ತರ: ಅದು ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನ ಅಟ್ಟೆ ಇರಬೇಕು. ಗಾಳಿಯ ತೇವಕ್ಕೇ ಅದು ಒಳಗೊಳಗೆ ಶಿಥಿಲವಾಗುತ್ತದೆ, ಕರಾವಳಿಯಲ್ಲಂತೂ ಕೇಳಬೇಡಿ. ಮೇಲಿನ ಚರ್ಮ ಗಟ್ಟಿಯಿದ್ದರೆ ಹೊಲಿಯುವವರ ಬಳಿ ರಬ್ಬರ್ ಅಟ್ಟೆ ಹಾಕಿಸಿ. ಆಮೇಲೆ ಪೆಟ್ಟಿಗೆಗೆ ಸೇರಿಸದೆ ವಾರಕ್ಕೊಮ್ಮೆಯಾದರೂ ಪೇಟೆಗೆ ಹಾಕಿಕೊಂಡು ಹೋಗಿ.